ಅಗ್ಗದ ಬೇಟೆ ರೈಫಲ್‌ಗೆ ಗುರಿ ಕೂಡಿಸುವ ಬಗೆ

ಕಡಿಮೆ ಬೆಲೆಯ ಬೇಟೆ ರೈಫಲ್ ಗುರಿ ತಪ್ಪಿದರೆ ಮೊದಲ ಬೈಗುಳ ನಳಿಗೆಗೆ. ಆದರೆ ಹೆಚ್ಚಿನ ಸಲ ತಪ್ಪು ಅದರದ್ದಲ್ಲ. ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್ ತರಹದ ರೈಫಲ್‌ಗಳಲ್ಲಿ ನಳಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತಯಾರಕರು ಖರ್ಚು ಉಳಿಸುವುದು ಬೇರೆ ಕಡೆ: ಒತ್ತಿದರೆ ಬಾಗುವ ಪ್ಲಾಸ್ಟಿಕ್ ಸ್ಟಾಕ್ (ನಳಿಗೆಯನ್ನು ಹೊತ್ತ ಹಿಡಿಕೆಯ ಭಾಗ), ಜೊತೆಗೇ ಕೂರಿಸಿ ಕೊಡುವ ಸಾಧಾರಣ ಸ್ಕೋಪ್ (ಗುರಿ ನೋಡುವ ದುರ್ಬೀನು), ಅದನ್ನು ಹಿಡಿದಿರುವ ರಿಂಗ್, ಅವಸರದಲ್ಲಿ ಬಿಗಿದ ಸ್ಕ್ರೂ. ಹಾಗಾಗಿ ಗುರಿ ಕೂಡಿಸುವ, ಅಂದರೆ ಸ್ಕೋಪ್ ತೋರಿದ ಕಡೆಗೇ ಗುಂಡು ಬೀಳುವಂತೆ ಹೊಂದಿಸುವ, ಕೆಲಸದ ದೊಡ್ಡ ಪಾಲು ಮೊದಲ ಗುಂಡು ಹಾರುವ ಮುನ್ನ, ಮನೆಯ ಮೇಜಿನ ಮೇಲೇ ಮುಗಿಯಬೇಕು. ಅದನ್ನು ಬಿಟ್ಟು ನೇರ ರೇಂಜಿಗೆ, ಅಂದರೆ ಗುಂಡು ಹಾರಿಸುವ ಮೈದಾನಕ್ಕೆ, ಹೋದವರು ಎರಡು ಪೆಟ್ಟಿಗೆ ತೋಟಾ ಸುಟ್ಟು, ಸ್ಕೋಪಿನ ಗುಂಡಿಯನ್ನು ಆಚೆ ಈಚೆ ತಿರುಗಿಸಿ, ಹೊರಟಲ್ಲಿಗೇ ಮರಳಿ ಬರುತ್ತಾರೆ.

ಇಲ್ಲಿನ ಲೆಕ್ಕಗಳೆಲ್ಲ .308 ವಿಂಚೆಸ್ಟರ್ ತೋಟಾಕ್ಕೆ, 150 ಗ್ರೇನ್ (ಸುಮಾರು 9.7 ಗ್ರಾಂ) ತೂಕದ ಗುಂಡಿಗೆ, ಸೆಕೆಂಡಿಗೆ ಸುಮಾರು 860 ಮೀಟರ್ ವೇಗಕ್ಕೆ ಹೊಂದುವಂಥವು. ಬೇರೆ ತೋಟಾಕ್ಕೆ ಅಂಕಿ ಬದಲಾಗುತ್ತದೆ, ವಿಧಾನ ಬದಲಾಗುವುದಿಲ್ಲ.

ಮೇಜಿನ ಮೇಲಿನ ಕೆಲಸ

ಮ್ಯಾಗಜೀನ್ (ತೋಟಾ ಡಬ್ಬಿ) ತೆಗೆಯಿರಿ, ಬೋಲ್ಟ್ (ಹಿಂದೆ ಮುಂದೆ ಸರಿಯುವ ಬೀಗ) ತೆರೆದು ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ಎರಡೆರಡು ಸಲ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರದಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಬೋಲ್ಟನ್ನು ಹೊರತೆಗೆದು, ಒಣ ಬಟ್ಟೆಯ ತುಂಡನ್ನು ಚೇಂಬರ್ ಕಡೆಯಿಂದ ನಳಿಗೆಯೊಳಗೆ ಎರಡು ಮೂರು ಸಲ ತೂರಿಸಿ. ಹೊಸ ರೈಫಲ್ಲಿನ ನಳಿಗೆಯಲ್ಲಿ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆ ಇರುತ್ತದೆ. ಎಣ್ಣೆ ಇದ್ದ ನಳಿಗೆಯಿಂದ ಹೋದ ಮೊದಲ ಗುಂಡು ಉಳಿದವುಗಳ ಜೊತೆ ಸೇರುವುದಿಲ್ಲ.

ಮುಂದಿನದು ಸ್ಟಾಕ್. ನಳಿಗೆಗೂ ಮುಂಗೈ ಹಿಡಿಯುವ ಭಾಗಕ್ಕೂ ನಡುವೆ ಎರಡು ಮಡಿಕೆಯ ಕಾಗದದ ಪಟ್ಟಿ ತೂರಿಸಿ, ತುದಿಯಿಂದ ಹಿಂದಕ್ಕೆ ಎಳೆಯಿರಿ. ಎಲ್ಲೂ ಸಿಕ್ಕದೆ ಚೇಂಬರಿನ ಹತ್ತಿರದವರೆಗೆ ಬರಬೇಕು. ಬಂದರೂ ಇಲ್ಲಿಗೇ ನಿಲ್ಲಿಸಬೇಡಿ. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ಗುಂಡು ಹಾರಿಸುವಾಗ ಒರಗುವಷ್ಟೇ ಭಾರ ಹಾಕಿ, ಕಾಗದವನ್ನು ಮತ್ತೆ ಎಳೆಯಿರಿ. ಅಗ್ಗದ ಸ್ಟಾಕ್‌ನ ಗುಟ್ಟು ರಟ್ಟಾಗುವುದು ಇಲ್ಲಿ. ಭಾರವಿಲ್ಲದಾಗ ಅಂತರ ಇರುತ್ತದೆ. ಒರಗಿದ ಕೂಡಲೇ ಪ್ಲಾಸ್ಟಿಕ್ ಬಾಗಿ ನಳಿಗೆಗೆ ತಾಗುತ್ತದೆ. ನಳಿಗೆ ಗುಂಡು ಹಾರುವಾಗ ಕಂಪಿಸುತ್ತದೆ, ಆ ಕಂಪನ ಪ್ರತಿ ಸಲ ಒಂದೇ ರೀತಿ ಇದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಒಮ್ಮೆ ತಾಗಿ ಒಮ್ಮೆ ತಾಗದಿದ್ದರೆ ಗುಂಪು ಚದುರುತ್ತದೆ. ತಾಗುವ ಜಾಗವನ್ನು ದುಂಡನೆಯ ಕೋಲಿಗೆ ಸುತ್ತಿದ ಉಪ್ಪು ಕಾಗದದಿಂದ ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆಯಬಹುದು. ಆದರೆ ಒಳಗಿನ ಅಡ್ಡ ಪಟ್ಟಿಗಳನ್ನು ಪೂರ್ತಿ ಸವೆಸಿದರೆ ಸ್ಟಾಕ್ ಇನ್ನಷ್ಟು ಮೆತ್ತಗಾಗುತ್ತದೆ. ಉಜ್ಜುವುದಕ್ಕಿಂತ ಚೀಲವನ್ನು ಮ್ಯಾಗಜೀನ್ ಹತ್ತಿರಕ್ಕೆ ಸರಿಸಿ ನೋಡುವುದು ಮೊದಲ ಉಪಾಯ. ಅಲ್ಲಿ ಸ್ಟಾಕ್ ಗಟ್ಟಿಯಾಗಿರುತ್ತದೆ, ಬಾಗುವುದಿಲ್ಲ.

ಸ್ಕ್ರೂಗಳಿಗೆ ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಕೈಯಂದಾಜು ಇಲ್ಲಿ ನಡೆಯುವುದಿಲ್ಲ. ಸ್ಟಾಕಿಗೆ ಲೋಹದ ಭಾಗವನ್ನು ಹಿಡಿದಿಡುವ ಸ್ಕ್ರೂಗಳಿಗೆ ಎಷ್ಟು ಬಿಗಿತ ಎಂಬುದು ಮಾದರಿಯಿಂದ ಮಾದರಿಗೆ ತುಂಬಾ ಬೇರೆ: ಕೆಲವಕ್ಕೆ 35 ಇಂಚ್-ಪೌಂಡ್ ಸಾಕು, ಕೆಲವಕ್ಕೆ 60ಕ್ಕೂ ಹೆಚ್ಚು ಬೇಕು. ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ. ಬಿಗಿಯುವ ಮುನ್ನ ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಂಭಾಗವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಮೊದಲು ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು. ಹೀಗೆ ಮಾಡಿದರೆ ಗುಂಡು ಹಾರುವಾಗಿನ ಒದೆತ ತಡೆಯುವ ಲಗ್ (ಲೋಹದ ಚಾಚು) ತನ್ನ ಗೂಡಿನ ಹಿಂಬದಿಗೆ ಒರಗಿ ಕೂರುತ್ತದೆ. ಇಲ್ಲದಿದ್ದರೆ ಮೊದಲ ಹತ್ತು ಗುಂಡುಗಳು ಅದನ್ನು ಕೂರಿಸುವುದರಲ್ಲೇ ಕಳೆದುಹೋಗುತ್ತವೆ.

ಸ್ಕೋಪನ್ನು ಹೊಸದಾಗಿ ಕೂರಿಸುವುದು

ಕಾರ್ಖಾನೆಯಲ್ಲೇ ಕೂರಿಸಿ ಬಂದಿದ್ದರೂ ಬಿಚ್ಚಿ ಮತ್ತೆ ಕೂರಿಸಿ. ಬೇಸ್, ಅಂದರೆ ರಿಂಗ್ ಕೂರುವ ಅಡಿಪಟ್ಟಿ, ಅದರ ಸ್ಕ್ರೂ ರಂಧ್ರಗಳ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆದು, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಸಣ್ಣ ಹನಿ ಹಾಕಿ, ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಕೆಂಪು ಬಣ್ಣದ್ದು ಬೇಡ, ಅದನ್ನು ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಮುಂದಿನ ಬೇಸಿನ ಸ್ಕ್ರೂ ಉದ್ದವಾಗಿದ್ದರೆ ಒಳಗೆ ಬೋಲ್ಟಿಗೋ ನಳಿಗೆಯ ತಿರುಪು ಗೆರೆಗೋ ತಾಗಿ ಅಲ್ಲೇ ನಿಲ್ಲುತ್ತದೆ. ಸ್ಕ್ರೂ ಬಿಗಿಯಾದಂತೆ ಕಾಣುತ್ತದೆ, ಬೇಸ್ ಮಾತ್ರ ಸಡಿಲ. ಬಿಗಿದ ಮೇಲೆ ಬೋಲ್ಟ್ ಹಾಕಿ ಸಲೀಸಾಗಿ ಮುಚ್ಚುತ್ತದೆಯೇ ನೋಡಿ.

ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್, ಅಂದರೆ ಹೆಚ್ಚುಕಡಿಮೆ 2 ನ್ಯೂಟನ್ ಮೀಟರ್ ಸಾಕು. ಇವಕ್ಕೆ ಎಣ್ಣೆಯೂ ಬೇಡ, ಲಾಕರೂ ಬೇಡ. ಒದ್ದೆಯಾದ ತಿರುಪು ಗೆರೆ ಜಾರುವುದರಿಂದ ಅದೇ ಅಂಕಿಗೆ ಹೆಚ್ಚು ಬಿಗಿತ ಬಿದ್ದು ಸ್ಕೋಪಿನ ಕೊಳವೆ ಅಮುಕಿಹೋಗುತ್ತದೆ. ಅಮುಕಿದ ಕೊಳವೆಯೊಳಗೆ ಹೊಂದಾಣಿಕೆಯ ಭಾಗಗಳು ಸಿಕ್ಕಿಕೊಂಡರೆ ಸ್ಕೋಪಿನ ಗುಂಡಿಯನ್ನು ಎಷ್ಟು ಕ್ಲಿಕ್ (‘ಟಿಕ್’ ಎನ್ನುವ ಒಂದೊಂದು ಹೆಜ್ಜೆ) ತಿರುಗಿಸಿದರೂ ಗುಂಡು ಬೀಳುವ ಜಾಗ ಕದಲುವುದಿಲ್ಲ. ಎಡ ಬಲ, ಮುಂದೆ ಹಿಂದೆ ಸ್ವಲ್ಪ ಸ್ವಲ್ಪವಾಗಿ ಅಡ್ಡ ಕ್ರಮದಲ್ಲಿ ಬಿಗಿಯುತ್ತ ಬನ್ನಿ, ಎರಡೂ ಬದಿಯ ಸಂದು ಸಮ ಇರಲಿ.

ಪೂರ್ತಿ ಬಿಗಿಯುವ ಮುನ್ನ ಎರಡು ಹೊಂದಿಕೆ ಆಗಬೇಕು. ಒಂದು, ಕಣ್ಣಿನ ದೂರ. ಸ್ಕೋಪನ್ನು ಅತಿ ಹೆಚ್ಚು ವರ್ಧನೆಗೆ ತಿರುಗಿಸಿ, ಕಣ್ಣು ಮುಚ್ಚಿ ರೈಫಲ್ಲನ್ನು ಹೆಗಲಿಗೇರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಕತ್ತಲೆಯ ಅಂಚಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಬಹಳಷ್ಟು ಸ್ಕೋಪ್‌ಗಳಲ್ಲಿ ಕಣ್ಣಿಗೂ ಗಾಜಿಗೂ 8ರಿಂದ 9 ಸೆಂ.ಮೀ. ಅಂತರ ಬರುತ್ತದೆ. ಅದಕ್ಕಿಂತ ಹತ್ತಿರವಾದರೆ ಒದೆತಕ್ಕೆ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುವುದು ಗ್ಯಾರಂಟಿ. ಎರಡು, ರೆಟಿಕಲ್, ಅಂದರೆ ಒಳಗೆ ಕಾಣುವ ಅಡ್ಡ-ಉದ್ದ ಗೆರೆ. ದೂರದಲ್ಲಿ ತೂಕ ಕಟ್ಟಿದ ದಾರ ಇಳಿಬಿಟ್ಟು, ರೈಫಲ್ಲನ್ನು ಮಟ್ಟವಾಗಿ ಇಟ್ಟು, ಉದ್ದ ಗೆರೆ ದಾರಕ್ಕೆ ಸರಿಯಾಗಿ ಕೂರುವಂತೆ ಸ್ಕೋಪನ್ನು ತಿರುಗಿಸಿ. ವಾಲಿದ ಗೆರೆ 100 ಮೀಟರಿನಲ್ಲಿ ಅಷ್ಟೇನೂ ಕಾಡುವುದಿಲ್ಲ. ದೂರ ಹೆಚ್ಚಿದಂತೆ, ಮೇಲಕ್ಕೆ ಕ್ಲಿಕ್ ಕೊಟ್ಟಷ್ಟೂ ಗುಂಡು ಪಕ್ಕಕ್ಕೂ ಸರಿಯತೊಡಗುತ್ತದೆ.

ಗುಂಡಿಲ್ಲದೆ ಮೊದಲ ಗುರಿ

ಬೋಲ್ಟ್ ತೆಗೆದ ರೈಫಲ್ಲನ್ನು ಚೀಲಗಳ ಮೇಲೆ ಅಲುಗಾಡದಂತೆ ಕೂರಿಸಿ, 25 ಮೀಟರ್ ದೂರದಲ್ಲಿ ದುಂಡನೆಯ ಗುರುತಿಡಿ. ಹಿಂದಿನಿಂದ ನಳಿಗೆಯೊಳಗೆ ನೋಡುತ್ತ ಆ ಗುರುತು ರಂಧ್ರದ ನಟ್ಟನಡುವೆ ಬರುವಂತೆ ಮಾಡಿ. ರೈಫಲ್ ಕದಲದಂತೆ ತಲೆ ಮೇಲೆತ್ತಿ ಸ್ಕೋಪಿನಲ್ಲಿ ನೋಡಿ, ರೆಟಿಕಲನ್ನು ಅದೇ ಗುರುತಿಗೆ ತನ್ನಿ. ಇಲ್ಲೊಂದು ತೊಡಕಿದೆ. ಗುಂಡಿಯ ಮೇಲಿನ ಬಾಣದ ಗುರುತು ಗುಂಡು ಹೋಗುವ ದಿಕ್ಕನ್ನು ಹೇಳುತ್ತದೆ, ರೆಟಿಕಲ್ ಚಲಿಸುವ ದಿಕ್ಕನ್ನಲ್ಲ. ‘ಅಪ್’ ಕಡೆ ತಿರುಗಿಸಿದರೆ ರೆಟಿಕಲ್ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಗೊಂದಲವಾದರೆ ನಾಲ್ಕು ಕ್ಲಿಕ್ ತಿರುಗಿಸಿ ನೋಡುವುದೇ ಸುಲಭ.

ಬೋಲ್ಟ್ ಹಿಂದಿನಿಂದ ಹೊರಬರದ ರೈಫಲ್‌ಗಳಿಗೆ ಲೇಸರ್ ಅಥವಾ ಕಾಲಿಮೇಟರ್ ಎಂಬ ಗುರಿ ಹೊಂದಿಸುವ ಸಾಧನ ಬಳಸುತ್ತಾರೆ. ನಳಿಗೆಯ ಬಾಯಿಗೆ ಸಿಕ್ಕಿಸುವ ಸಾಧನವಾಗಿದ್ದರೆ ಅದನ್ನು ತೆಗೆಯುವವರೆಗೆ ತೋಟಾ ಪೆಟ್ಟಿಗೆಯನ್ನು ಮುಟ್ಟಲೇಬೇಡಿ. ಅದು ಅಲ್ಲೇ ಇರುವಾಗ ಗುಂಡು ಹಾರಿದರೆ ನಳಿಗೆ ಸೀಳುತ್ತದೆ.

ಈ ಹಂತದಲ್ಲಿ ಸಿಗುವುದು ಕಾಗದಕ್ಕೆ ಗುಂಡು ತಾಗುವಷ್ಟು ಹೊಂದಿಕೆ ಮಾತ್ರ. ಅಂಗಡಿಯಲ್ಲಿ ‘ಗುರಿ ಕೂಡಿಸಿ ಕೊಟ್ಟಿದ್ದೇವೆ’ ಎನ್ನುವುದೂ ಬಹುಪಾಲು ಇಷ್ಟೇ.

ರೇಂಜಿಗೆ ಏನೇನು

ಪರವಾನಗಿ ಇರುವ ರೇಂಜ್, ಗುಂಡು ಹೂತುಹೋಗುವ ಮಣ್ಣಿನ ದಿಬ್ಬ ಹಿಂದೆ ಇರುವ ಜಾಗ. ಕಿವಿಗೆ ಮುಚ್ಚಳ ಕಡ್ಡಾಯ: ಬೇಟೆ ರೈಫಲ್ಲಿನ ಸದ್ದು 150 ಡೆಸಿಬಲ್ ದಾಟುತ್ತದೆ, ಒಂದೇ ಗುಂಡಿಗೂ ಕಿವಿ ಕೆಡಬಹುದು. ಕಿವಿಯೊಳಗಿನ ಬಿರಡೆಯ ಮೇಲೆ ಹೊರ ಮುಚ್ಚಳವನ್ನೂ ಹಾಕಿದರೆ ಸದ್ದಿಗೆ ಬೆಚ್ಚುವುದೂ ಕಡಿಮೆಯಾಗುತ್ತದೆ. ಕಣ್ಣಿಗೆ ಕನ್ನಡಕ. ಮುಂದೊಂದು, ಹಿಂದೊಂದು ಮರಳು ಚೀಲ, ಚೌಕುಳಿ ಗೆರೆ ಇರುವ ಗುರಿಹಲಗೆ ಕಾಗದ, ಅಳತೆಪಟ್ಟಿ, ಪೆನ್ನು, ಟಾರ್ಕ್ ಡ್ರೈವರ್. ತೋಟಾ 50ರಿಂದ 60: ಮೂರು ಬೇರೆ ಬೇರೆ ತಯಾರಿಯವು ಒಂದೊಂದು ಪೆಟ್ಟಿಗೆ.

ಮೂರು ಬಗೆ ಏಕೆಂದರೆ, ಸ್ಕೋಪಿಗೆ ಸುರಿಯುವ ದುಡ್ಡಿಗಿಂತ ತೋಟಾದ ಆಯ್ಕೆ ಅಗ್ಗದ ರೈಫಲ್ಲನ್ನು ಹೆಚ್ಚು ಸುಧಾರಿಸುತ್ತದೆ. ಒಂದೇ ನಳಿಗೆ ಒಂದು ತಯಾರಿಯ 150 ಗ್ರೇನ್ ಗುಂಡನ್ನು 100 ಮೀಟರಿನಲ್ಲಿ 3 ಸೆಂ.ಮೀ. ಒಳಗೆ ಸೇರಿಸಿ, ಇನ್ನೊಂದನ್ನು 8 ಸೆಂ.ಮೀ.ಗೆ ಚದುರಿಸುವುದು ಮಾಮೂಲು. ದುಬಾರಿ ತೋಟಾವೇ ಗೆಲ್ಲಬೇಕೆಂದೂ ಇಲ್ಲ. ಗೆದ್ದದ್ದು ಗೊತ್ತಾದ ಮೇಲೆ ಅದೇ ಲಾಟ್ ಸಂಖ್ಯೆಯ (ಒಂದೇ ಕಂತಿನಲ್ಲಿ ತಯಾರಾದ) ಪೆಟ್ಟಿಗೆಗಳನ್ನು ಒಟ್ಟಿಗೇ ಕೊಂಡಿಡಿ. ತೋಟಾದ ಹೆಸರು ನಳಿಗೆಯ ಮೇಲೆ ಕೊರೆದ ಹೆಸರಿಗೆ ಅಕ್ಷರಶಃ ಹೊಂದಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಕೂರುವ ರೀತಿ

ಮುಂದಿನ ಚೀಲ ಸ್ಟಾಕಿನ ಅಡಿ ಇರಲಿ, ನಳಿಗೆಯ ಅಡಿ ಎಂದೂ ಬೇಡ. ಹೆಗಲಿಗೆ ಹಾಕುವ ಪಟ್ಟಿಯನ್ನು ಸಿಕ್ಕಿಸುವ ಗುಬುಟು ಚೀಲದಿಂದ ಕನಿಷ್ಠ ನಾಲ್ಕು ಬೆರಳು ಮುಂದಿರಲಿ. ಒದೆತಕ್ಕೆ ಅದು ಚೀಲಕ್ಕೆ ಗುದ್ದಿದರೆ ಗುಂಡು ಎತ್ತಲೋ ಹಾರುತ್ತದೆ. ಹಿಂದಿನ ಚೀಲವನ್ನು ಎಡಗೈಯಲ್ಲಿ ಹಿಸುಕುತ್ತ, ಬಿಡುತ್ತ ರೆಟಿಕಲನ್ನು ಏರಿಸಿ ಇಳಿಸಿ. ಸ್ನಾಯುಬಲದಿಂದ ಗುರಿ ಹಿಡಿಯುವ ಅಗತ್ಯವೇ ಬರಬಾರದು: ಕೈ ಸಡಿಲಿಸಿದಾಗಲೂ ರೆಟಿಕಲ್ ಗುರುತಿನ ಮೇಲೇ ನಿಂತಿರಬೇಕು.

ಈ ವರ್ಗದ ರೈಫಲ್‌ಗಳಲ್ಲಿ ಟ್ರಿಗರ್ ಗಡುಸಾಗಿರಬಹುದು, ಕೆಲವಕ್ಕೆ 2.5 ಕಿಲೋ ಎಳೆತ ಬೇಕು. ರೈಫಲ್ಲಿನ ತೂಕವೇ 3 ಕಿಲೋ ಆಸುಪಾಸು ಇರುವಾಗ ಅಷ್ಟು ಎಳೆದರೆ ಗುರಿ ಪಕ್ಕಕ್ಕೆ ಜಾರುವುದು ಸಹಜ. ಹೊಂದಿಸುವ ಸ್ಕ್ರೂ ಇದ್ದರೆ ಕೈಪಿಡಿಯ ಮಿತಿಯೊಳಗೆ ಇಳಿಸಿ. ಇಲ್ಲದಿದ್ದರೆ ಅರ ಹಿಡಿದು ಉಜ್ಜುವ ಸಾಹಸ ಬೇಡ, ಬಿದ್ದ ಕೂಡಲೇ ಗುಂಡು ಹಾರಿಸುವ ರೈಫಲ್ ಮಾಡಿಕೊಂಡಂತಾಗುತ್ತದೆ. ಖಾಲಿ ರೈಫಲ್ಲಿನಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ) ಹಾಕಿ ದಿನಕ್ಕೆ 20 ಸಲ ಎಳೆದು ಅಭ್ಯಾಸ ಮಾಡುವುದು ಇದಕ್ಕಿಂತ ಒಳ್ಳೆಯ ಮದ್ದು.

25 ಮೀಟರ್

ಸ್ಕೋಪಿನ ಭಾಷೆ ಮಿನಿಟ್, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರಿನಲ್ಲಿ ಒಂದು ಮಿನಿಟ್ ಎಂದರೆ 29 ಮಿ.ಮೀ. ಬಹಳಷ್ಟು ಬೇಟೆ ಸ್ಕೋಪ್‌ಗಳ ಒಂದು ಕ್ಲಿಕ್ ಕಾಲು ಮಿನಿಟ್: 100 ಮೀಟರಿನಲ್ಲಿ 7.3 ಮಿ.ಮೀ., 25 ಮೀಟರಿನಲ್ಲಿ 1.8 ಮಿ.ಮೀ. ರೇಂಜ್ 100 ಗಜದ್ದಾದರೆ 6.6 ಮಿ.ಮೀ. ಮಿಲಿರೇಡಿಯನ್ ಎಂಬ ಇನ್ನೊಂದು ಕೋನಮಾನದ ಸ್ಕೋಪಿನಲ್ಲಿ 0.1ರ ಒಂದು ಕ್ಲಿಕ್ 100 ಮೀಟರಿನಲ್ಲಿ ಸರಿಯಾಗಿ 1 ಸೆಂ.ಮೀ.

ಒಂದು ಗುಂಡು ಹಾರಿಸಿ. ಅದು ಗುರುತಿಗಿಂತ 6 ಸೆಂ.ಮೀ. ಕೆಳಗೆ, 4 ಸೆಂ.ಮೀ. ಬಲಕ್ಕೆ ಬಿತ್ತು ಎನ್ನಿ. 60ನ್ನು 1.8ರಿಂದ ಭಾಗಿಸಿದರೆ 33 ಕ್ಲಿಕ್ ಮೇಲೆ, 40ನ್ನು ಭಾಗಿಸಿದರೆ 22 ಕ್ಲಿಕ್ ಎಡಕ್ಕೆ. ಇಷ್ಟೊಂದು ಕ್ಲಿಕ್ಕೇ ಎಂದು ಹಿಂಜರಿದು ಹತ್ತಕ್ಕೆ ನಿಲ್ಲಿಸುವುದು ಹೊಸಬರ ಸಾಮಾನ್ಯ ತಪ್ಪು. ಲೆಕ್ಕವನ್ನು ನಂಬಿ. ಎರಡನೇ ಗುಂಡು 12 ಸೆಂ.ಮೀ. ಕೆಳಗೆ ಬಿದ್ದರೆ ಏನೂ ಕೆಟ್ಟಿಲ್ಲ, ಗುಂಡಿಯನ್ನು ಉಲ್ಟಾ ತಿರುಗಿಸಿದ್ದೀರಿ ಅಷ್ಟೆ.

ಲೆಕ್ಕ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ. ಗುಂಡು ಹಾರಿಸಿದ ಮೇಲೆ ಬೋಲ್ಟ್ ತೆರೆದು ರೈಫಲ್ ಖಾಲಿ ಮಾಡಿ, ಮೊದಲಿನ ಗುರುತಿಗೇ ರೆಟಿಕಲ್ ಹಿಡಿದು ಚೀಲಗಳಲ್ಲಿ ಭದ್ರವಾಗಿ ಕೂರಿಸಿ. ರೈಫಲ್ ಕೂದಲೆಳೆಯಷ್ಟೂ ಕದಲದಂತೆ ಒಬ್ಬರು ಹಿಡಿದಿರಲಿ, ಇನ್ನೊಬ್ಬರು ರೆಟಿಕಲ್ ಗುಂಡಿನ ತೂತಿನ ಮೇಲೆ ಬಂದು ಕೂರುವವರೆಗೆ ಗುಂಡಿಗಳನ್ನು ತಿರುಗಿಸಲಿ. ಕ್ಲಿಕ್ ಎಣಿಸಬೇಕಿಲ್ಲ, ದಿಕ್ಕಿನ ಗೊಂದಲವೂ ಇಲ್ಲ.

25 ಮೀಟರಿನಲ್ಲಿ ಗುಂಡು ಗುರುತಿಗೇ ಬಿದ್ದರೆ ನಾಲ್ಕು ಗುಂಡಿನೊಳಗೆ ಇಲ್ಲಿನ ಕೆಲಸ ಮುಗಿಯಿತು. ಇಲ್ಲೇ ಪೆಟ್ಟಿಗೆ ಕಟ್ಟಿ ಮನೆಗೆ ಹೋಗುವವರಿದ್ದಾರೆ. 25ರಲ್ಲಿ 5 ಮಿ.ಮೀ. ತಪ್ಪು 200ರಲ್ಲಿ 4 ಸೆಂ.ಮೀ. ಆಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

100 ಮೀಟರ್, ಮತ್ತು ಕಾಯುವುದು

ಬೇಟೆ ರೈಫಲ್ಲಿನ ನಳಿಗೆ ತೆಳು. ಮೂರನೇ ಗುಂಡಿಗೆ ಬೆಚ್ಚಗಾಗಿ, ಐದಕ್ಕೆ ಮುಟ್ಟಲಾಗದಷ್ಟು ಕಾಯುತ್ತದೆ. ಕಾದಂತೆ ಕೆಲವು ನಳಿಗೆಗಳು ಬಾಗುತ್ತವೆ, ಗುಂಡುಗಳು ಒಂದೇ ದಿಕ್ಕಿಗೆ ಮೆಟ್ಟಿಲು ಹತ್ತಿದಂತೆ ಸರಿಯುತ್ತವೆ. ಹಾಗಾಗಿ ಗುಂಡಿನಿಂದ ಗುಂಡಿಗೆ ಒಂದೆರಡು ನಿಮಿಷ, ಮೂರರ ಗುಂಪು ಮುಗಿದ ಮೇಲೆ ಹತ್ತು ಹದಿನೈದು ನಿಮಿಷ. ಬೋಲ್ಟ್ ತೆರೆದು, ರೈಫಲ್ಲನ್ನು ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ನಳಿಗೆಯನ್ನು ಅಂಗೈಯಲ್ಲಿ ಹಿಡಿದಾಗ ಬಿಸಿ ತಿಳಿಯಬಾರದು, ಆಗ ಮುಂದಿನ ಗುಂಪು. ಬೇಸರದ ಕೆಲಸವೇ, ಆದರೆ ಇಡೀ ದಿನ ಹಾಳಾಗುವುದು ಇಲ್ಲಿ ಉಳಿಸಲು ನೋಡಿದ ಅರ್ಧ ಗಂಟೆಯಿಂದ.

ಮೂರೂ ಬಗೆಯ ತೋಟಾಗಳಿಂದ ಮೂರು ಮೂರು ಗುಂಡಿನ ಎರಡು ಗುಂಪು ಹಾರಿಸಿ. ಈ ನಡುವೆ ಸ್ಕೋಪನ್ನು ಮುಟ್ಟಬೇಡಿ. ಗುಂಪು ಎಲ್ಲಿ ಬಿತ್ತು ಎನ್ನುವುದು ಈಗ ಮುಖ್ಯವಲ್ಲ, ಎಷ್ಟು ಚಿಕ್ಕದು ಎನ್ನುವುದಷ್ಟೇ ಮುಖ್ಯ. ಅತಿ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ. 100 ಮೀಟರಿನಲ್ಲಿ 5 ಸೆಂ.ಮೀ. ಒಳಗಿದ್ದರೆ ಬೇಟೆಗೆ ಧಾರಾಳ ಸಾಕು, 3 ಸೆಂ.ಮೀ. ಬಂದರೆ ಹಬ್ಬ.

ಗೆದ್ದ ತೋಟಾದಿಂದ ಐದು ಗುಂಡು ಹಾರಿಸಿ ಗುಂಪಿನ ನಡುವನ್ನು ಗುರುತಿಸಿ: ಎಲ್ಲ ತೂತುಗಳ ಎತ್ತರವನ್ನು ಕೂಡಿಸಿ ಐದರಿಂದ ಭಾಗಿಸಿ, ಅಡ್ಡ ಅಳತೆಗೂ ಹಾಗೇ. ಒಂದೇ ಗುಂಡನ್ನು ನೋಡಿ ತಿದ್ದಬೇಡಿ. ರೈಫಲ್ 5 ಸೆಂ.ಮೀ. ಗುಂಪು ಕೊಡುವಂಥದ್ದಾದರೆ 2 ಸೆಂ.ಮೀ. ಆಚೆ ಬಿದ್ದ ಒಂದು ಗುಂಡು ಏನನ್ನೂ ಹೇಳುವುದಿಲ್ಲ. ಅದರ ಬೆನ್ನು ಹತ್ತಿದರೆ ಸ್ಕೋಪ್ ನಿಲ್ಲುವುದೇ ಇಲ್ಲ.

ಗುಂಪನ್ನು ಎಲ್ಲಿ ನಿಲ್ಲಿಸಬೇಕು? ಈ ತೋಟಾಕ್ಕೆ, ಸ್ಕೋಪ್ ನಳಿಗೆಗಿಂತ 4 ಸೆಂ.ಮೀ. ಎತ್ತರದಲ್ಲಿದ್ದರೆ, 100 ಮೀಟರಿನಲ್ಲಿ ಗುಂಪಿನ ನಡು ಗುರುತಿಗಿಂತ ಸುಮಾರು 6 ಸೆಂ.ಮೀ. ಮೇಲಿರಲಿ. ಆಗ 150ರಲ್ಲಿ 5 ಸೆಂ.ಮೀ. ಮೇಲೆ, 200ರಲ್ಲಿ ಗುರುತಿಗೇ, 230ರಲ್ಲಿ 6 ಸೆಂ.ಮೀ. ಕೆಳಗೆ ಬೀಳುತ್ತದೆ. ಅಷ್ಟು ದೂರದವರೆಗೂ ಮೇಲೆ ಕೆಳಗೆ ಎಂದು ಲೆಕ್ಕ ಹಾಕದೆ ನಡುವಿಗೇ ಗುರಿ ಹಿಡಿಯಬಹುದು. 300 ಮೀಟರಿಗೆ ಹೋದರೆ ಗುಂಡು 25 ಸೆಂ.ಮೀ.ಗೂ ಹೆಚ್ಚು ಇಳಿದಿರುತ್ತದೆ. ಅಲ್ಲಿ ಈ ಸರಳತೆ ಮುಗಿಯಿತು. ದಟ್ಟ ಕಾಡಿನಲ್ಲಿ 100 ಮೀಟರ್ ದಾಟದವರಿಗೆ ಗುಂಪು ಗುರುತಿಗೇ ಕೂತಿದ್ದರೆ ಸಾಕು. ಅವರಿಗೆ 25 ಮೀಟರಿನಲ್ಲಿ ಗುಂಡು 1.5 ಸೆಂ.ಮೀ. ಕೆಳಗೆ ಬೀಳಬೇಕು.

ಗುಂಪಿನ ನಡು ಈಗ 2 ಸೆಂ.ಮೀ. ಮೇಲೆ, 3 ಸೆಂ.ಮೀ. ಎಡಕ್ಕೆ ಇದೆ ಎನ್ನಿ. ಇನ್ನೂ 4 ಸೆಂ.ಮೀ. ಏರಬೇಕು: 5 ಅಥವಾ 6 ಕ್ಲಿಕ್. ಬಲಕ್ಕೆ 4 ಕ್ಲಿಕ್. ಅಗ್ಗದ ಸ್ಕೋಪಿನಲ್ಲಿ ಒಳಗಿನ ಸ್ಪ್ರಿಂಗ್ ಸೋಮಾರಿ, ಕ್ಲಿಕ್ ಕೊಟ್ಟರೂ ಮುಂದಿನ ಗುಂಡಿನ ಒದೆತ ಬೀಳುವವರೆಗೆ ಕದಲದೆ ಇರಬಹುದು. ಬೇಕಾದ್ದಕ್ಕಿಂತ ನಾಲ್ಕು ಕ್ಲಿಕ್ ಮುಂದೆ ಹೋಗಿ, ನಾಲ್ಕು ಹಿಂದೆ ಬನ್ನಿ. ತಿದ್ದಿದ ಮೇಲಿನ ಮೊದಲ ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡು 1 ಸೆಂ.ಮೀ. ಒಳಗೆ ಬಂದ ಮೇಲೆ ಸ್ಕೋಪಿಗೆ ಮುಚ್ಚಳ ಹಾಕಿ.

ಅಡ್ಡಗಾಳಿ ಇದ್ದ ದಿನ ಅಡ್ಡ ತಿದ್ದುಪಡಿಯನ್ನು ಅಂತಿಮ ಮಾಡಬೇಡಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಈ ಗುಂಡನ್ನು 100 ಮೀಟರಿನಲ್ಲೇ ಸುಮಾರು 2 ಸೆಂ.ಮೀ. ತಳ್ಳುತ್ತದೆ, ಅದನ್ನು ಸ್ಕೋಪಿನಲ್ಲಿ ತಿದ್ದಿದರೆ ಗಾಳಿ ಇಲ್ಲದ ದಿನ ಅಷ್ಟೇ ತಪ್ಪು ಆಚೆ ಬದಿಗೆ.

ಗುಂಪು ಹೇಳುವ ಕಥೆ

ಕಾಗದವನ್ನು ಓದಲು ಬಂದರೆ ಅರ್ಧ ರಿಪೇರಿ ಆದಂತೆ. ಗುಂಡುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ಮೊದಲು ಸಂಶಯಿಸಬೇಕಾದ್ದು ಸ್ಟಾಕ್ ಬಾಗಿ ನಳಿಗೆಗೆ ತಾಗುವುದನ್ನು, ಚೀಲದ ಮೇಲೆ ರೈಫಲ್ ಕೂರುವ ಜಾಗ ಬದಲಾಗುವುದನ್ನು, ಉಸಿರನ್ನು. ಆಮೇಲೆ ತೋಟಾದ ವೇಗದ ವ್ಯತ್ಯಾಸ. ಅಡ್ಡಕ್ಕೆ ಹರಡಿದರೆ ಗಾಳಿ, ಟ್ರಿಗರ್ ಎಳೆಯುವ ಬೆರಳು, ಕೆನ್ನೆಯ ಒತ್ತಡ. ಎರಡು ಪ್ರತ್ಯೇಕ ಚಿಕ್ಕ ಗುಂಪುಗಳಾದರೆ ಎಲ್ಲೋ ಒಂದು ಭಾಗ ಎರಡು ಜಾಗದ ನಡುವೆ ಆಡುತ್ತಿದೆ: ಸ್ಟಾಕಿನ ಸ್ಕ್ರೂ, ಬೇಸ್, ರಿಂಗ್, ಅಥವಾ ಸ್ಕೋಪಿನ ಒಳಭಾಗ. ಎಲ್ಲ ದಿಕ್ಕಿಗೂ ಚದುರಿದರೆ ಮೊದಲು ತೋಟಾ ಬದಲಿಸಿ, ಆಮೇಲೆ ಸ್ಕ್ರೂ ನೋಡಿ.

ಸ್ಕೋಪ್ ಮೇಲೇ ಅನುಮಾನ ಬಂದರೆ ಚೌಕದ ಪರೀಕ್ಷೆ ಮಾಡಿ. ಪ್ರತಿ ಸಲ ಒಂದೇ ಗುರುತಿಗೆ ಗುರಿ ಹಿಡಿದು: ಒಂದು ಗುಂಡು, 20 ಕ್ಲಿಕ್ ಮೇಲೆ ಒಂದು, 20 ಬಲಕ್ಕೆ ಒಂದು, 20 ಕೆಳಗೆ ಒಂದು, 20 ಎಡಕ್ಕೆ ಒಂದು. ನಾಲ್ಕು ಮೂಲೆಯ ಚೌಕ ಮೂಡಿ, ಐದನೆಯದು ಮೊದಲನೆಯದರ ಹತ್ತಿರ ಬೀಳಬೇಕು. 100 ಮೀಟರಿನಲ್ಲಿ ಬದಿ ಸುಮಾರು 14.5 ಸೆಂ.ಮೀ. ಚೌಕ ಸೊಟ್ಟಗಾದರೆ, ಅಥವಾ ಐದನೆಯದು ಎಲ್ಲೋ ಹೋದರೆ, ಸ್ಕೋಪ್ ಬದಲಿಸದೆ ಗತಿಯಿಲ್ಲ.

ಸ್ಕೋಪೂ ಸ್ಕ್ರೂಗಳೂ ಸರಿ ಇದ್ದು ಗುಂಪು ಕೆಟ್ಟಿದ್ದರೆ ಕೈ ಬೆಚ್ಚುತ್ತಿರಬಹುದು. ಗುಂಡು ಹಾರುವ ಕ್ಷಣಕ್ಕೆ ಹೆಗಲು ಮುಂದೆ ನೂಕುವುದು, ಕಣ್ಣು ಮುಚ್ಚುವುದು ಮಾಡುವವರಿಗೇ ಗೊತ್ತಾಗುವುದಿಲ್ಲ. ಮ್ಯಾಗಜೀನಿನಲ್ಲಿ ನಡುನಡುವೆ ಡಮ್ಮಿ ತೋಟಾ ಇಡಲು ಇನ್ನೊಬ್ಬರಿಗೆ ಹೇಳಿ. ‘ಟಕ್’ ಎಂದಾಗ ನಳಿಗೆ ಕುಣಿದರೆ ರೋಗ ಸಿಕ್ಕಿತು.

ಇನ್ನೆರಡು ಸಂದರ್ಭ ಗುರಿಗಲ್ಲ, ಜೀವಕ್ಕೆ ಸಂಬಂಧಿಸಿದ್ದು. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಸದ್ದು ಎಂದಿಗಿಂತ ಮೆತ್ತಗೆ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಿ. ಒಳಗೆ ಸಿಕ್ಕಿದ ಗುಂಡಿನ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಇನ್ನೊಂದು ದಿನ, ತಣ್ಣಗಿನ ನಳಿಗೆಯಿಂದ

ಬೇಟೆಯಲ್ಲಿ ಎಣಿಕೆಗೆ ಬರುವುದು ತಣ್ಣಗಿನ ನಳಿಗೆಯ ಮೊದಲ ಗುಂಡು. ಆದ್ದರಿಂದ ಇನ್ನೊಂದು ದಿನ ಹೋಗಿ, ಒಂದೇ ಗುಂಡು ಹಾರಿಸಿ, ಕಾಗದವನ್ನು ಇಟ್ಟುಕೊಳ್ಳಿ. ಹೀಗೆ ಬೇರೆ ಬೇರೆ ದಿನಗಳ ಐದು ಗುಂಡು ಅದೇ ಕಾಗದದ ಮೇಲೆ ಕೂಡಿಸಿದರೆ ನಿಜವಾದ ಗುಂಪು ಕಾಣುತ್ತದೆ. ನಳಿಗೆ ತೊಳೆದು ಎಣ್ಣೆ ಹಚ್ಚಿದ ದಿನದ ಗುಂಡನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಅದು ದೂರ ಬೀಳುತ್ತಿದ್ದರೆ ಬೇಟೆಗೆ ಹೊರಡುವ ಮುನ್ನ ಒಂದೆರಡು ಗುಂಡು ಹಾರಿಸಿ, ನಳಿಗೆ ತೊಳೆಯದೆ ಒಯ್ಯುವುದು ರೂಢಿ.

ಮೇಜಿನ ಮೇಲೆ 3 ಸೆಂ.ಮೀ. ಸೇರಿಸಿದ ರೈಫಲ್ ನಿಂತು ಹಾರಿಸಿದಾಗ 20 ಸೆಂ.ಮೀ. ಚದುರುತ್ತದೆ. ಉಳಿದ ತೋಟಾಗಳನ್ನು ಮೊಣಕಾಲೂರಿ, ಕೂತು, ಕೋಲಿಗೆ ಒರಗಿ ಹಾರಿಸಲು ಇಟ್ಟುಕೊಳ್ಳಿ. ಪಟ್ಟಿಯನ್ನು ತೋಳಿಗೆ ಬಿಗಿದು ಹಾರಿಸಿದರೆ ಕೆಲವು ಪ್ಲಾಸ್ಟಿಕ್ ಸ್ಟಾಕುಗಳು ಆ ಎಳೆತಕ್ಕೂ ಬಾಗಿ ಗುರಿ ಬದಲಿಸುತ್ತವೆ. ಅದು ರೇಂಜಿನಲ್ಲೇ ಗೊತ್ತಾಗಲಿ.

ಹೊಂದಿಸಿದ ಗುರಿ ಕದಲದಂತೆ, ಗುಂಡಿಗಳ ಮೇಲಿನ ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತಿರುಗಿಸಿಡಿ. ರಿಂಗಿಗೂ ಕೊಳವೆಗೂ ಸೇರುವಂತೆ, ಬೇಸಿನ ಪ್ರತಿ ಸ್ಕ್ರೂ ಮೇಲೂ ಬಣ್ಣದ ಸಣ್ಣ ಗೆರೆ ಎಳೆಯಿರಿ, ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಸ್ಟಾಕಿಗೆ ಅಂಟಿಸುವ ಟೇಪಿನ ತುಂಡಿನ ಮೇಲೆ ತೋಟಾದ ಹೆಸರು, ಲಾಟ್ ಸಂಖ್ಯೆ, 100ರಲ್ಲಿ ಎಷ್ಟು ಮೇಲೆ, ಸ್ಕ್ರೂಗಳ ಬಿಗಿತ, ದಿನಾಂಕ ಬರೆದಿಡಿ. ರೈಫಲ್ ಬಿದ್ದರೆ, ಸ್ಟಾಕ್ ಬಿಚ್ಚಿದರೆ, ತೋಟಾ ಬದಲಾದರೆ ಆ ಟೇಪನ್ನು ಕಿತ್ತೆಸೆದು 100 ಮೀಟರಿನಲ್ಲಿ ಮೂರು ಗುಂಡು ಹಾರಿಸಿ ಹೊಸದನ್ನು ಅಂಟಿಸಿ.